ಕುಕ್ಕರಿನ ಎಂಟನೆಯ ಕೂಗು

ನಾನು ಕೆಲಸದಿಂದ ನಿವೃತ್ತಳಾದ ಮಾರನೆಯ ಬೆಳಗ್ಗೆ ನಮ್ಮ ಯಜಮಾನರು ನನ್ನನ್ನು ಅಡುಗೆಮನೆಯಿಂದ ಹೊರಗೆ ಕಳಿಸಿದರು. ಬೈದು ಕಳಿಸಿದ್ದಲ್ಲ. ಮರ್ಯಾದೆಯಾಗಿಯೇ ಕೈಗೊಂದು ಲೋಟ ಕಾಫಿ ಕೊಟ್ಟು, "ಓಗು, ಜಗುಲಿ ಮ್ಯಾಲೆ ಕುಂತ್ಕೊ. ಇಲ್ಲಿ ಇಬ್ರು ಓಡಾಡಕ್ಕೆ ಜಾಗ ಇಲ್ಲ" ಅಂದರು. ಮೂವತ್ತು ವರ್ಷಕ್ಕೂ ಮಿಕ್ಕಿ ಟೆಲಿಫೋನ್ ಇಲಾಖೆಯಲ್ಲಿ ದುಡಿದು, ಹಾರ ಹಾಕಿಸಿಕೊಂಡು, ಶಾಲು ಹೊದೆಸಿಕೊಂಡು ಹಿಂದಿನ ಸಂಜೆಯಷ್ಟೇ ಮನೆಗೆ ಬಂದವಳು ನಾನು. ಇನ್ನು ಮೇಲಾದರೂ ಈ ಮನುಷ್ಯನಿಗೆ ನಾಲ್ಕು ದಿನ ಕೂತು ಉಣ್ಣುವ ಸುಖ ಕೊಡೋಣ ಎಂದುಕೊಂಡು ಐದು ಗಂಟೆಗೇ ಎದ್ದು ಸೆರಗು ಸಿಕ್ಕಿಸಿ ನಿಂತಿದ್ದೆ. ಅವರಿಗೆ ಅದು ಬೇಕಾಗಿರಲಿಲ್ಲ.

ನನ್ನ ತಂಗಿಯ ಮಗಳು ಇದೇ ದೂರವಾಣಿ ಕೆಲಸಕ್ಕೆ ಸೇರುವಾಗ, "ದೊಡ್ಡಮ್ಮ, ಕೆಲ್ಸ ಎಂಗಿರ್ತದೆ?" ಎಂದು ಕೇಳಿದ್ದಳು. ನಾನು ಕೇಬಲ್ಲು, ಕಾರ್ಡು, ಬ್ಯಾಟರಿ ಎಂದು ಶುರುಮಾಡಿದೆ. ಅವಳು ಆಕಳಿಸಿದಳು. ಅದೆಲ್ಲ ಅವಳಿಗೆ ತರಬೇತಿಯಲ್ಲೇ ಹೇಳಿಕೊಡುತ್ತಾರೆ. ತರಬೇತಿಯಲ್ಲಿ ಹೇಳಿಕೊಡದ ಸಂಗತಿಗಳನ್ನು ಅವಳಿಗೂ ಅವಳಂಥ ಹುಡುಗಿಯರಿಗೂ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಈ ನಾಲ್ಕು ತಾಲ್ಲೂಕುಗಳನ್ನು ಬಸ್ಸಿನಲ್ಲೇ ಸುತ್ತಿದವಳು ನಾನು. ಯಾವ ತಪ್ಪು ಯಾವ ಎಕ್ಸ್‌ಚೇಂಜಿನಲ್ಲಿ ಆಯಿತು ಎಂದು ಊರು ಹಿಡಿದು ಹೇಳುವುದಿಲ್ಲ. ತಪ್ಪುಗಳೆಲ್ಲ ನನ್ನವೇ, ಊರುಗಳದ್ದಲ್ಲ.

ನಾನು ಸೇರಿದ್ದು ಆಪರೇಟರ್ ಆಗಿ. ತೊಂಬತ್ತರ ದಶಕ ಶುರುವಾಗುವವರೆಗೂ ನನ್ನ ಎದುರಿಗಿದ್ದದ್ದು ಮರದ ದೊಡ್ಡ ಬೋರ್ಡು, ಅದರ ತುಂಬ ಸಾಲು ಸಾಲು ತೂತು. ಯಾರಾದರೂ ಫೋನಿನ ಹಿಡಿ ತಿರುಗಿಸಿದರೆ ಅವರ ನಂಬರಿನ ಮೇಲಿನ ಸಣ್ಣ ಮುಚ್ಚಳ ಪಟ್ಟನೆ ಬೀಳುವುದು. ಬಳ್ಳಿಯಂಥ ವೈರನ್ನು ಆ ತೂತಿಗೆ ಚುಚ್ಚಿ "ನಂಬರ್ ಪ್ಲೀಸ್" ಅನ್ನಬೇಕು. ಅವರು ಕೇಳಿದವರ ತೂತಿಗೆ ಇನ್ನೊಂದು ತುದಿ ಚುಚ್ಚಬೇಕು. ಇಷ್ಟೇ ಕೆಲಸ. ಆದರೆ ಒಂದೇ ಸಲಕ್ಕೆ ಹತ್ತು ಮುಚ್ಚಳ ಬಿದ್ದಾಗ ಎರಡು ಕೈ, ಎರಡು ಕಿವಿ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ನಮ್ಮ ಸೂಪರ್‌ವೈಸರ್ ನಾಗರತ್ನಮ್ಮ ಎಂಬುವರು. ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಕಾಟನ್ ಸೀರೆ. ಎದ್ದುನಿಂತರೆ ನಮಗೆಲ್ಲ ಬೆನ್ನು ನೆಟ್ಟಗಾಗುತ್ತಿತ್ತು. ನಾನು ಸೇರಿದ ವಾರದಲ್ಲಿ ಅವರು ನನ್ನ ಹಿಂದೆ ಬಂದು ನಿಂತು, "ನೋಡಮ್ಮ ಜಯಾ, ಮಾತಾಡೋರು ಏನು ಹೇಳ್ತಾರೆ ಅಂತ ಕೇಳಬಾರದು. ಅವರ ದನಿ ಹೇಗಿದೆ ಅಂತ ಕೇಳಬೇಕು. ಅವಸರದ ದನಿ ಬೇರೆ, ದುಃಖದ ದನಿ ಬೇರೆ. ದುಃಖದ ದನಿಗೆ ಮೊದಲು ಲೈನ್ ಕೊಡು" ಎಂದರು. ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ ಅದು. ಒಂದೆರಡು ವರ್ಷಕ್ಕೆ ಎಷ್ಟು ಪಳಗಿದೆನೆಂದರೆ, "ಹಲೋ" ಎಂಬ ಒಂದು ಮಾತಿನಲ್ಲೇ ಆಸ್ಪತ್ರೆಗೆ ಫೋನೋ ಅಕ್ಕಿ ಮಿಲ್ಲಿಗೆ ಫೋನೋ ತಿಳಿದುಬಿಡುತ್ತಿತ್ತು. ಆ ಕಿವಿಯ ಮೇಲೆ ನನಗೆ ಬಹಳ ಜಂಬ ಇತ್ತು. ಅದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಜಂಬ ಇಳಿಸಿದ ಪ್ರಸಂಗಗಳೂ ಇವೆ. ಕೋಟೆ ಕಡೆ ಆಗ ಸಿದ್ದೇಗೌಡ ಎಂಬ ಹೆಸರಿನಲ್ಲಿ ಎರಡು ಫೋನು. ಒಬ್ಬರು ದಿನಸಿ ಅಂಗಡಿಯವರು, ಇನ್ನೊಬ್ಬರು ಶಾಲಾ ಮೇಷ್ಟ್ರು. ಅಂಗಡಿಯವರ ಸೊಸೆ ಹೆರಿಗೆಗೆಂದು ಕೆ.ಆರ್. ನಗರದ ತವರಿಗೆ ಹೋಗಿದ್ದಳು. ಮೇಷ್ಟ್ರಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಸಿದ್ದೇಗೌಡರಿಗೆ ಎಂದು ಕೆ.ಆರ್. ನಗರದಿಂದ ಕರೆ ಬಂತು. ದನಿಯಲ್ಲಿ ಸಂತೋಷ ಚೆಲ್ಲುತ್ತಿತ್ತು. ನಾನು ಆ ಸಂತೋಷಕ್ಕೆ ಬೇಗ ಲೈನ್ ಕೊಡುವ ಭರದಲ್ಲಿ ಮೇಷ್ಟ್ರ ತೂತಿಗೆ ಚುಚ್ಚಿದೆ. ಆ ಕಡೆಯವರು ಮಾತಿಗೆ ಜಾಗವನ್ನೇ ಕೊಡದೆ, "ಸಿದ್ದೇಗೌಡ್ರೇ, ಗಂಡು ಮಗ ಕಣ್ರೀ! ತಾಯಿ ಮಗ ಇಬ್ರೂ ಚೆನ್ನಾಗವ್ರೆ. ನೀವು ನಾಳೇನೇ ಒಂಟು ಬಂದ್ಬುಡಿ" ಎಂದು ಕೂಗಿ ಇಟ್ಟುಬಿಟ್ಟರು. ಮೇಷ್ಟ್ರ ಮನೆಯಲ್ಲಿ ಫೋನು ಎತ್ತಿದ್ದು ಅವರ ತಾಯಿ.

ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಮರುದಿನ ಮೇಷ್ಟ್ರು ಬಸ್ ಹತ್ತಿ ನಮ್ಮ ಆಫೀಸಿಗೇ ಬಂದರು. ಮುಖ ಕೆಂಪಾಗಿತ್ತು. "ನಮ್ಮವ್ವ ಎರಡು ಒತ್ತಿಂದ ಊಟ ಬುಟ್ಟವ್ಳೆ ಕಣಮ್ಮ. ಯಾವಳ್ಲಾ ಅವಳು ಅಂತ ಕೇಳ್ತಾವ್ಳೆ. ನಾನೇನ್ ಏಳ್ಲಿ?" ಅಂದರು. ನಾಗರತ್ನಮ್ಮನವರು ನನ್ನನ್ನು ಬೈಯಲಿಲ್ಲ. ಮೇಷ್ಟ್ರ ಜೊತೆಗೇ ಬಸ್ ಹತ್ತಿಸಿ ಅವರ ಮನೆಗೆ ಕಳಿಸಿದರು. ನಾನು ಆ ತಾಯಿಯ ಕಾಲು ಹಿಡಿದು ನನ್ನದೇ ತಪ್ಪೆಂದು ಹೇಳಿ ಬಂದೆ. ಒಂದು ವರ್ಷವಾದ ಮೇಲೆ ಮೇಷ್ಟ್ರಿಗೆ ಮದುವೆಯಾಯಿತು. ಅದಾದ ಮರುವರ್ಷ ಒಂದು ಕರೆ. "ಜಯಮ್ಮ, ನಮ್ಮತ್ತೆ ಮನೆಗೆ ಲೈನ್ ಕೊಡಿ. ಎಣ್ಣು ಮಗು ಅಂತೆ. ಈ ಸಲ ನಂದೇ ಕಣಮ್ಮ!" ಅಂದರು. ಆ ಲೈನನ್ನು ನಾನು ಮೂರು ಸಲ ನೋಡಿಕೊಂಡು ಚುಚ್ಚಿದೆ.

ಇನ್ನು ಮನೆಯ ವಿಷಯ. ನಾನು ಹುಟ್ಟಿದ್ದು ಕೆ.ಆರ್. ನಗರದ ಕಡೆ, ನಾಲೆ ನೀರಿನ ಗದ್ದೆ ಬಯಲಿನಲ್ಲಿ. ಮದುವೆಯಾಗಿ ಬಂದದ್ದು ಬಿಳಿಕೆರೆಯಿಂದ ಎರಡು ಮೈಲಿ ಒಳಗಿನ ಊರಿಗೆ. ಇಲ್ಲಿ ರಾಗಿ, ಅವರೆ, ಹೊಗೆಸೊಪ್ಪು. ಯಜಮಾನರು ಹೊಲ ಬಿಟ್ಟು ಬೇರೆ ಬಲ್ಲವರಲ್ಲ. ನನಗೆ ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ. ಬೆಳಗಿನ ಪಾಳಿಯಿದ್ದರೆ ಹೆದ್ದಾರಿಗೆ ಬಂದು ಮೊದಲ ಬಸ್ಸು ಹಿಡಿಯಬೇಕು. ಒಲೆ ಹಚ್ಚುವುದಕ್ಕೂ ಹೊತ್ತಿಲ್ಲ. ನಮ್ಮತ್ತೆಗೆ ಮಂಡಿ ನೋವು. ಮಗಳು ಸುಮಾ ಆಗ ಚಿಕ್ಕವಳು. ಒಂದು ದಿನ ನಾನು ಸಂಜೆ ಮನೆಗೆ ಬಂದಾಗ ಯಜಮಾನರು ಒಲೆ ಮುಂದೆ ಕೂತು ಎರಡು ಪಾದದಲ್ಲಿ ಮಡಕೆ ಒತ್ತಿ ಹಿಡಿದು ಹಿಟ್ಟು ತೊಳಸುತ್ತಿದ್ದರು. ಬಾಗಿಲಲ್ಲಿ ಅತ್ತೆ.

"ಗಂಡ್ಸು ಇಟ್ಟು ತೊಳ್ಸದಾ? ಊರೋರ್ ನೋಡುದ್ರೆ ಏನಂದಾರ್ಲಾ?" ಎಂದು ಅತ್ತೆ ಹಣೆ ಚಚ್ಚಿಕೊಂಡರು.

"ಇಟ್ಟಿಗೆ ಗಂಡ್ಸು ಎಂಗ್ಸು ಅಂತ ಗೊತ್ತಾಯ್ತದೇನವ್ವ? ಬೆಂದ್ರೆ ಸಾಕು ಬುಡು" ಅಂದರು ಇವರು.

ಆ ದಿನದ ಮುದ್ದೆಯಲ್ಲಿ ಗಂಟೋ ಗಂಟು. ಬೇಳೆ ಕಾಳಿನಂತೆ ಉಳಿದಿತ್ತು. ಆದರೆ ಒಂದು ವರ್ಷದೊಳಗೆ ಅವರ ಕೈ ಎಂಥದಾಯಿತೆಂದರೆ, ಅತ್ತೆಯೇ ನಮ್ಮ ನಾದಿನಿಯರ ಮುಂದೆ "ನನ್ ಮಗನ್ ಬಸ್ಸಾರು ನಿಮ್ ಯಾರ್ ಕೈಗೂ ಬರಕಿಲ್ಲ" ಎಂದು ಹೇಳಿಕೊಂಡು ತಿರುಗುವಂತಾಯಿತು. ಅಡುಗೆ ಅವರಿಗೆ ಮೊದಲು ಅನಿವಾರ್ಯ, ಆಮೇಲೆ ಅಭ್ಯಾಸ, ಕೊನೆಗೆ ಹುಚ್ಚು. ಹಿತ್ತಲಲ್ಲಿ ನಾಲ್ಕು ತರದ ಮೆಣಸಿನ ಗಿಡ ಹಾಕಿದರು. ಹುರುಳಿ ಸಾರಿಗೆ ಇಂಥದ್ದೇ ಮೆಣಸಿನಕಾಯಿ, ಸೊಪ್ಪಿನ ಸಾರಿಗೆ ಇಂಥದ್ದೇ ಎಂದು ವಾದ ಮಾಡುತ್ತಿದ್ದರು. ಅದು ಬಿಟ್ಟರೆ ಶನಿವಾರ ಸಂಜೆ ಊರ ಭಜನೆಮನೆಗೆ ಹೋಗಿ ತಾಳ ಹಾಕುವುದು. ಇವೆರಡೇ ಅವರ ಹವ್ಯಾಸ. ನನಗೆ ಹವ್ಯಾಸ ಎಂಬುದೇ ಇರಲಿಲ್ಲ. ಮನೆಗೆ ಬಂದರೆ ಸಾಕು, ಯಾರ ದನಿಯೂ ಬೇಡ ಅನ್ನಿಸುತ್ತಿತ್ತು. ಅವರು ಏನಾದರೂ ಹೇಳಹೋದರೆ, "ರೀ, ಕಿವಿ ಸೋತೋಗಿದೆ, ನಾಳೆ ಹೇಳಿ" ಅಂದುಬಿಡುತ್ತಿದ್ದೆ.

ತೊಂಬತ್ತರ ದಶಕದಲ್ಲಿ ನಮ್ಮ ಮರದ ಬೋರ್ಡು ಹೋಯಿತು. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂತು. ಬೀರುವಿನಂಥ ಪೆಟ್ಟಿಗೆ, ಒಳಗೆ ಪುಸ್ತಕ ಜೋಡಿಸಿದಂತೆ ಕಾರ್ಡುಗಳು, ಮಿಣುಕು ದೀಪಗಳು. ಅದಕ್ಕೆ "ನಂಬರ್ ಪ್ಲೀಸ್" ಅನ್ನುವವರು ಬೇಕಿರಲಿಲ್ಲ. ಬೋರ್ಡನ್ನು ಬಿಚ್ಚಿ ಲಾರಿಗೆ ಹಾಕುವಾಗ ನಾವು ನಾಲ್ಕೈದು ಹೆಂಗಸರು ಕಿಟಕಿಯಲ್ಲಿ ನಿಂತು ನೋಡಿದೆವು. ನಾಗರತ್ನಮ್ಮನವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರನ್ನು ಹಾಗೆ ನಾನು ನೋಡಿದ್ದು ಅದೊಂದೇ ಸಲ. ನಮಗೆ ಎರಡು ದಾರಿ ಇಟ್ಟರು: ಗುಮಾಸ್ತೆ ಕೆಲಸ, ಇಲ್ಲವೇ ಪರೀಕ್ಷೆ ಬರೆದು ತಾಂತ್ರಿಕ ಕೆಲಸ. ನಲವತ್ತು ದಾಟಿದ ಮೇಲೆ ಬೆಸುಗೆ ಹಾಕುವ ಸಾಲ್ಡರಿಂಗ್ ಕಡ್ಡಿ ಹಿಡಿಯುವುದೇ ಎಂದು ನನಗೆ ಹೆದರಿಕೆ. ಆದರೂ ಆ ಮಿಣುಕು ದೀಪದ ಪೆಟ್ಟಿಗೆಯೊಳಗೆ ಏನಿದೆ ಎಂದು ನೋಡದೆ ಸಾಯುವುದು ಬೇಡ ಅನ್ನಿಸಿತು. ತಾಂತ್ರಿಕ ಕೆಲಸಕ್ಕೇ ಹೆಸರು ಕೊಟ್ಟೆ.

ಮೈಸೂರಿನಲ್ಲಿ ತರಬೇತಿ. ಜೊತೆಗಿದ್ದವರೆಲ್ಲ ಡಿಪ್ಲೊಮಾ ಮಾಡಿದ ಹುಡುಗರು. ನನ್ನ ಬೆಸುಗೆ ಮಾತ್ರ ಅವರೆಕಾಳಿನಷ್ಟು ದಪ್ಪ ದಪ್ಪ. ಮನೆಯಲ್ಲಿ ಅಭ್ಯಾಸ ಮಾಡಲು ಒಂದು ಹಳೆಯ ಯಂತ್ರ ಸಿಕ್ಕಿದ್ದರೆ ಎಂದು ಒಂದು ಸಂಜೆ ಗೊಣಗಿದೆ. ಯಜಮಾನರು ಒಳಗೆ ಹೋಗಿ ತಮ್ಮ ರೇಡಿಯೋ ತಂದು ಮುಂದಿಟ್ಟರು. ಅದರಲ್ಲಿ ಅವರು ದಿನಾ ಸಂಜೆ ರೈತರ ಕಾರ್ಯಕ್ರಮ ಕೇಳುತ್ತಿದ್ದರು.

"ಇದು ಚೆನ್ನಾಗಿದೆಯಲ್ರೀ, ಕೆಟ್ಟೋಗ್ಬಿಡ್ತದೆ" ಅಂದೆ.

"ಕೆಡ್ಸು. ಕೆಡುಸ್ದೆ ಎಂಗ್ ಕಲ್ತೀಯೆ?" ಅಂದರು.

ಕೆಡಿಸಿದೆ. ಎರಡು ತಿಂಗಳು ಮನೆಯಲ್ಲಿ ರೇಡಿಯೋ ಸೊಲ್ಲೆತ್ತಲಿಲ್ಲ. ಒಂದು ದಿನವೂ ಅವರು "ಏನಾಯ್ತು" ಎಂದು ಕೇಳಲಿಲ್ಲ. ಪಕ್ಕದ ಮನೆ ಜಗುಲಿಗೆ ಹೋಗಿ ಅವರ ರೇಡಿಯೋ ಕೇಳಿ ಬರುತ್ತಿದ್ದರು. ಕೊನೆಗೆ ಒಂದು ಭಾನುವಾರ ಅದು ಕರಕರ ಎಂದು ಕೆಮ್ಮಿ ಮಾತಾಡಿದಾಗ ನಾನು ಹಿಗ್ಗಿ ಕೂಗಿಕೊಂಡೆ. ಅವರು ಹಿತ್ತಲಿಂದ ಓಡಿಬಂದು ರೇಡಿಯೋ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡಿ ನಕ್ಕರು. ನನ್ನ ಕೆಲಸದ ಜೀವನದಲ್ಲಿ ಬಂದ ಆದೇಶಪತ್ರಗಳೆಲ್ಲ ಮರೆತಿವೆ, ಆ ನಗು ಮರೆತಿಲ್ಲ.

ಆಮೇಲಿನ ನನ್ನ ಕೆಲಸ ಹಳ್ಳಿಗಳ ಪುಟ್ಟ ಪುಟ್ಟ ಎಕ್ಸ್‌ಚೇಂಜುಗಳದ್ದು. ಯಾರದೋ ಮನೆಯ ಒಂದು ಕೋಣೆ ಬಾಡಿಗೆಗೆ ಹಿಡಿದು ಅದರಲ್ಲಿ ಪೆಟ್ಟಿಗೆ ಇಟ್ಟಿರುತ್ತಿದ್ದರು. ಅಂತರಸಂತೆಯಿಂದ ಆಚೆ ಕಾಡಂಚಿನ ಒಂದು ಊರಿನಲ್ಲಿ ವಿಚಿತ್ರವಾದ ದೂರು. ಮಧ್ಯಾಹ್ನವಾದರೆ ಊರಿನ ಎಲ್ಲ ಫೋನುಗಳಲ್ಲೂ ಗುಂಯ್ ಎಂಬ ಸದ್ದು. ಬೆಳಗ್ಗೆ ಏನೂ ಇಲ್ಲ, ಸ್ಫಟಿಕದಂಥ ಮಾತು. ನಮ್ಮ ಎಳೆಯ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಮಧ್ಯಾಹ್ನ ಬಂದು ಒಂದು ಕಾರ್ಡು ಬದಲಿಸಿ ಹೋಗುವರು. ಮರುದಿನ ಬೆಳಗ್ಗೆ ಫೋನ್ ಮಾಡಿ ನೋಡಿ "ಸರಿಹೋಯ್ತು" ಎಂದು ಬರೆದುಕೊಳ್ಳುವರು. ಮಧ್ಯಾಹ್ನ ಮತ್ತೆ ಗುಂಯ್. ಹೀಗೆ ಆರು ಕಾರ್ಡು ಬದಲಾಯಿತು. ಸಾಹೇಬರು ಒಳ್ಳೆಯ ಹುಡುಗ, ಬಹಳ ಓದಿದವರು, ನಿದ್ದೆಗೆಟ್ಟು ಕಣ್ಣು ಊದಿಸಿಕೊಂಡಿದ್ದರು. "ಅಮ್ಮಾ, ನೀವೊಂದ್ಸಲ ಹೋಗಿ ನೋಡಿ ಬನ್ನಿ" ಎಂದು ನನ್ನನ್ನು ಕಳಿಸಿದರು.

ನಾನು ಹೋದಾಗ ಬೆಳಗಿನ ಹತ್ತು ಗಂಟೆ. ಪೆಟ್ಟಿಗೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ಸುಮ್ಮನೆ ಹಿತ್ತಲ ಕಡೆ ಕಟ್ಟೆಯ ಮೇಲೆ ಕೂತೆ. ಮನೆಯೊಡತಿ ಕೆಂಪಮ್ಮ ಪಾತ್ರೆ ತೊಳೆದು, ಆ ನೀರನ್ನು ಗೋಡೆ ಪಕ್ಕದ ಒಂದು ಗುಂಡಿಗೆ ಸುರಿದಳು. ನೋಡಿದರೆ ಅದು ನಮ್ಮದೇ ಗುಂಡಿ. ಪೆಟ್ಟಿಗೆಯ ಅರ್ಥ್ ತಂತಿಯನ್ನು ಭೂಮಿಗೆ ಇಳಿಸಿದ ಜಾಗ. ಆ ಜಾಗದ ಮಣ್ಣು ಸದಾ ಹಸಿಯಾಗಿರಬೇಕು, ಒಣಗಿದರೆ ಲೈನಿನಲ್ಲಿ ಸದ್ದು ಬರುತ್ತದೆ.

"ಕೆಂಪಮ್ಮ, ದಿನಾ ನೀರು ಇಲ್ಗೇ ಉಯ್ತೀಯಾ?"

"ಊ ಕಣಕ್ಕ. ಬೆಳ್ಗೆ ಒಂದ್ ಸಲ. ಯಾಕಕ್ಕ, ತೆಪ್ಪಾ? ನಿಮ್ ಸಾಯೇಬ್ರಿಗೆ ಏಳ್ಬೇಡಕ್ಕ, ಇನ್ಮೇಕೆ ಉಯ್ಯಾಕಿಲ್ಲ."

"ಅಯ್ಯೋ ತಾಯಿ, ನಿಲ್ಲಿಸ್ಬೇಡ! ಮಧ್ಯಾಹ್ನಾನೂ ಉಯ್ಯಿ" ಎಂದು ಅವಳ ಕೈ ಹಿಡಿದುಕೊಂಡೆ.

ಬೇಸಗೆಯ ಬಿಸಿಲಿಗೆ ಬೆಳಗಿನ ನೀರು ಮಧ್ಯಾಹ್ನಕ್ಕೆ ಆರಿಹೋಗುತ್ತಿತ್ತು. ಅಷ್ಟೇ ವಿಷಯ. ಇಡೀ ಊರಿನ ಫೋನುಗಳನ್ನು ಅರ್ಧ ದಿನ ಕಾಪಾಡುತ್ತಿದ್ದುದು ಕೆಂಪಮ್ಮನ ಮುಸುರೆ ನೀರು! ಅವಳು ಆ ಜಾಗದಲ್ಲಿ ಎರಡು ಬಾಳೆಕಂದು ನೆಟ್ಟಳು. ದಿನಕ್ಕೆ ಮೂರು ಸಲ ನೀರು ಹಾಕಲು ಅವಳಿಗೂ ಒಂದು ಕಾರಣ ಆಯಿತು. ಅಲ್ಲಿಂದ ಮುಂದೆ ಆ ಊರಿನಲ್ಲಿ ಗುಂಯ್ ಸದ್ದಿನ ದೂರು ಬರಲಿಲ್ಲ. ಸಾಹೇಬರು ನಕ್ಕು ನಕ್ಕು, "ಅಮ್ಮಾ, ಇದನ್ನ ರಿಪೋರ್ಟಿನಲ್ಲಿ ಏನಂತ ಬರೀಲಿ?" ಅಂದರು. ಈಗ ಸೇರುವ ಮಕ್ಕಳಿಗೆ ಇದನ್ನು ಹೇಳುವುದು ಏಕೆಂದರೆ, ಪೆಟ್ಟಿಗೆಯ ಮುಂದೆ ಕೂತಾಗ ದೋಷ ಪೆಟ್ಟಿಗೆಯಲ್ಲೇ ಇರಬೇಕು ಅನ್ನಿಸುತ್ತದೆ. ಎದ್ದು ಹಿತ್ತಲಿಗೂ ಹೋಗಿ ನೋಡಿ.

ಇಷ್ಟೆಲ್ಲ ಬುದ್ಧಿವಂತಿಕೆ ಬೇರೆಯವರ ಹಿತ್ತಲಿನಲ್ಲಿ ತೋರಿಸಿದವಳು ನನ್ನ ಮನೆಯಲ್ಲಿ ಏನು ಮಾಡಿದೆ ಎಂಬುದನ್ನು ಈಗ ಹೇಳಬೇಕು.

ನಮ್ಮ ಮನೆಗೆ ಫೋನು ಬಂದಿತ್ತು. ಯಜಮಾನರು ಅದನ್ನು ಮುಟ್ಟುತ್ತಿರಲಿಲ್ಲ. ಮೊದಮೊದಲು ಎತ್ತುತ್ತಿದ್ದರು. ಬರಬರುತ್ತಾ ಎತ್ತಿದರೂ "ಅವಳಿಲ್ಲ" ಎಂದು ಇಟ್ಟುಬಿಡುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಸುಮಾ ಮದುವೆಯಾಗಿ ಚಾಮರಾಜನಗರದ ಕಡೆ ಹೋದಳು, ಅಲ್ಲಿ ಶಾಲೆಯಲ್ಲಿ ಟೀಚರ್. ನಾನು ಕೆಲಸದಲ್ಲಿದ್ದಾಗ ಅವಳು ಮನೆಗೆ ಮಾಡಿದರೆ ಗಂಟೆ ಹೊಡೆದೂ ಹೊಡೆದೂ ನಿಲ್ಲುವುದು. "ಅಪ್ಪಂಗೆ ನನ್ ಮೇಲೆ ಕೋಪಾನಾಮ್ಮ?" ಎಂದು ಒಮ್ಮೆ ಅತ್ತಿದ್ದಳು. ಆಫೀಸಿನಲ್ಲೂ ತಮಾಷೆ: "ಊರೋರ್ ಫೋನೆಲ್ಲ ರಿಪೇರಿ ಮಾಡ್ತೀರ ಮೇಡಂ, ನಿಮ್ಮನೇಲಿ ಫೋನ್ ಎತ್ತೋರೇ ಇಲ್ಲ." ನನಗೆ ಅವಮಾನವಾಗುತ್ತಿತ್ತು. ನನ್ನ ಕೆಲಸದ ಮೇಲೆ ಅವರಿಗೆ ಒಳಗೊಳಗೇ ಸಿಟ್ಟಿದೆ, ಅದನ್ನು ಫೋನಿನ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ ಎಂದು ನಂಬಿಬಿಟ್ಟೆ. ಅವರು ಭಜನೆಗೆ ಹೋಗುವುದನ್ನೂ ನಿಲ್ಲಿಸಿದರು. ಸೋಮಾರಿತನ ಅಂದುಕೊಂಡೆ. ಎಷ್ಟೋ ಸಲ ನಾನು ಹೇಳಿದ್ದಕ್ಕೆ ಬರೀ "ಊಂ" ಅನ್ನುವರು. ಬೇಸರ ಅಂದುಕೊಂಡೆ. ಯಾಕೆಂದು ಕೇಳಲಿಲ್ಲ.

ನಿವೃತ್ತಿಯ ನಂತರದ ಮೊದಲ ವಾರ ಜಗುಲಿಯಲ್ಲಿ ಕಳೆಯಿತು. ಎರಡನೆಯ ವಾರ ಗುಲಾಬಿ ಗಿಡ ತಂದು ನೆಟ್ಟೆ. ದಿನಕ್ಕೆ ನಾಲ್ಕು ಸಲ ನೀರು ಹಾಕಿ ಕೊಳೆಸಿದೆ. ಕ್ರೋಷಾ ಕಲಿಯಲು ಹೋದೆ. ಬಾಗಿಲು ತೋರಣವೆಂದು ಶುರುಮಾಡಿದ್ದು ಮೀನಿನ ಬಲೆಯಂತಾಯಿತು. ಊರವರ ಕೆಟ್ಟ ರೇಡಿಯೋ, ಟೇಪ್ ರೆಕಾರ್ಡರ್ ಬಿಚ್ಚಿ ಕೂರೋಣ ಎಂದರೆ ಅವೂ ಮುಗಿದವು. ಒಂದು ದಿನ ಯಜಮಾನರು ಹೊಲಕ್ಕೆ ಹೋಗಿದ್ದಾಗ ನನ್ನ ಕೈ ಅಡುಗೆಮನೆಯ ಡಬ್ಬಿಗಳ ಮೇಲೆ ಹೋಯಿತು. ನಮ್ಮ ಕೆಲಸದಲ್ಲಿ ಪ್ರತಿ ತಂತಿಗೂ ಚೀಟಿ ಕಟ್ಟಿ, ಸಾಲಾಗಿ ಜೋಡಿಸುವುದು ರೂಢಿ. ಹಾಗೆಯೇ ಎಲ್ಲ ಡಬ್ಬಿಗಳಿಗೂ ಚೀಟಿ ಅಂಟಿಸಿ, ಅಕಾರಾದಿಯಾಗಿ ಸಾಲಿಟ್ಟೆ. ಅರಿಶಿನ, ಉದ್ದು, ಕಡಲೆ, ಜೀರಿಗೆ. ನೋಡಲು ಎಷ್ಟು ಚಂದ!

ಯಜಮಾನರು ಬಂದು, ಇಪ್ಪತ್ತು ವರ್ಷದ ರೂಢಿಯಂತೆ ಕಣ್ಣೆತ್ತದೆ ಕೈಚಾಚಿ, ಉಪ್ಪಿನ ಜಾಗದಲ್ಲಿದ್ದ ಡಬ್ಬಿಯಿಂದ ಒಂದು ಹಿಡಿ ತೆಗೆದು ಸಾರಿಗೆ ಹಾಕಿದರು. ಅದು ಸಕ್ಕರೆ. ಹುರುಳಿಕಟ್ಟಿನ ಸಾರು ಪಾಯಸವಾಯಿತು. ಅವರು ಸೌಟು ಕೆಳಗಿಟ್ಟರು.

"ನಾನ್ಯಾವತ್ತಾರ ನಿನ್ ಆಪೀಸ್ಗೆ ಬಂದು ವಯರ್ ಕಿತ್ತಾಕಿದ್ನಾ?"

"ಒಂದು ಕ್ರಮ ಇರಲಿ ಅಂತ..."

"ಕ್ರಮ ಇತ್ತು. ನಿಂಗ್ ಕಾಣ್ನಿಲ್ಲ. ತಕೊ, ನಿನ್ ಅಡುಗೆಮನೆ ನೀನೇ ಮಡೀಕೊ."

ಮೂರು ದಿನ ಮಾತಿಲ್ಲ. ಮೂರು ದಿನ ನಾನೇ ಬೇಯಿಸಿದೆ, ಇಬ್ಬರೂ ತಲೆ ತಗ್ಗಿಸಿ ಉಂಡೆವು. ಅಂಥ ಅನ್ನ ಸಾರನ್ನು ಅವರು ಒಂದು ಮಾತೂ ಆಡದೆ ಉಂಡದ್ದೇ ನನಗೆ ಶಿಕ್ಷೆ. ನಾಲ್ಕನೆಯ ದಿನ ಚೀಟಿಗಳನ್ನೆಲ್ಲ ಕಿತ್ತು, ನೆನಪಾದಷ್ಟು ಮಟ್ಟಿಗೆ ಡಬ್ಬಿಗಳನ್ನು ಹಿಂದಿನ ಜಾಗಕ್ಕೆ ಇಟ್ಟೆ. ಅವರು ಬಂದು ನೋಡಿ, ಎರಡು ಡಬ್ಬಿ ಅತ್ತಿತ್ತ ಸರಿಸಿ, ಮಾತಿಲ್ಲದೆ ಒಲೆ ಹಚ್ಚಿದರು. ಕುಕ್ಕರಿಗೆ ಕಾಳು ಹಾಕಿ ಇಟ್ಟು, ಬಾಗಿಲಿಗೆ ಬೆನ್ನು ಮಾಡಿ ಈರುಳ್ಳಿ ಹೆಚ್ಚುತ್ತ ಕೂತರು. ನಾನು ಜಗುಲಿಗೆ ಬಂದೆ.

ಕುಕ್ಕರು ಕೂಗಿತು. ಮೂರು, ನಾಲ್ಕು. ಕಾಳಿಗೆ ನಾಲ್ಕು ಕೂಗು ಸಾಕು. ಐದು, ಆರು. ನನ್ನ ಮೇಲಿನ ಸಿಟ್ಟಿಗೆ ಹೀಗೆ ಬಿಟ್ಟಿದ್ದಾರೆ ಅಂದುಕೊಂಡೆ. ಏಳು. ಎಂಟನೆಯ ಕೂಗಿಗೆ ಸೀದ ವಾಸನೆ ಬಂತು. ಎದ್ದು ಬಾಗಿಲಿಗೆ ಹೋಗಿ ನಿಂತೆ. ಕುಕ್ಕರು ಅವರ ಬೆನ್ನಿನ ಹಿಂದೆ ಮೂರಡಿ ದೂರದಲ್ಲಿ ಊರು ಹಾರಿಹೋಗುವಂತೆ ಕೂಗುತ್ತಿತ್ತು. ಅವರು ತಮ್ಮಷ್ಟಕ್ಕೆ ತಾವು, ಶಾಂತವಾಗಿ ಈರುಳ್ಳಿ ಹೆಚ್ಚುತ್ತಿದ್ದರು. ಭುಜ ಕೂಡ ಅಲುಗಲಿಲ್ಲ.

ಒಲೆ ಆರಿಸಿದೆ. ಅವರ ಹಿಂದೆ ನಿಂತು, ಲೈನ್ ಪರೀಕ್ಷೆ ಮಾಡುವಾಗ ಮಾಡುವಂತೆಯೇ, ಮೆಲ್ಲನೆ "ರೀ" ಅಂದೆ. ಇಲ್ಲ. ಸ್ವಲ್ಪ ಜೋರಾಗಿ "ರೀ" ಅಂದೆ. ಇಲ್ಲ. ಎಡಗಡೆಗೆ ಸರಿದು ಕರೆದೆ. ಇಲ್ಲ. ಬಲಗಡೆ ಹೋಗಿ ದೊಡ್ಡ ದನಿಯಲ್ಲಿ ಕರೆದಾಗ ತಲೆಯೆತ್ತಿದರು. ನನ್ನ ಮುಖ ನೋಡಿದರು, ಆರಿದ ಒಲೆ ನೋಡಿದರು, ಸೀದ ವಾಸನೆ ಮೂಗಿಗೆ ಬಡಿದಿರಬೇಕು. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ ತಲೆ ತಗ್ಗಿಸಿದರು.

ನಾನು ಎದುರಿಗೆ ಕೂತು, ಅವರಿಗೆ ತುಟಿ ಕಾಣುವಂತೆ ಕೇಳಿದೆ: "ಎಷ್ಟು ವರ್ಷ ಆಯ್ತು?"

"ಆರೇಳ್ ವರ್ಸ ಆಗಿರ್ಬೈದು. ಮೊದ್ಲು ಎಡಗಿವಿ. ಆಮ್ಯಾಕೆ ಇದೂ ಮಂದ ಆಯ್ತು. ಭಜ್ನೇಲಿ ತಾಳ ತಪ್ತಿತ್ತು, ಉಡುಗ್ರು ನಗೋರು. ಬುಟ್ಬುಟ್ಟೆ."

"ಫೋನು?"

"ಫೋನಲ್ಲಿ ಬರೀ ಬುಸ್ ಬುಸ್ ಅಂತದೆ ಕಣೆ. ಮಗಳ್ ಮಾತು ಒಂದೂ ತಿಳೀನಿಲ್ಲ. ಏನಾರ ಒಂದಕ್ಕೊಂದ್ ಅಂದ್ಬುಟ್ರೆ ಅವಳ್ ನೊಂದ್ಕತಾಳೆ ಅಂತ ಎತ್ತದೇ ಬುಟ್ಟೆ."

"ನನಗ್ಯಾಕ್ರೀ ಹೇಳಲಿಲ್ಲ?"

ಅವರು ಈರುಳ್ಳಿ ಹೋಳುಗಳನ್ನು ಚಾಕುವಿನಿಂದ ಒಟ್ಟುಮಾಡಿದರು. "ನೀನು ದಿನವೆಲ್ಲ ಊರೋರ್ ಕಂಪ್ಲೇಂಟ್ ಕೇಳ್ಕಂಡು ಸೋತ್ ಬರ್ತಿದ್ದೆ. ಮನೇಲೂ ಒಂದ್ ಕಂಪ್ಲೇಂಟ್ ಯಾಕೆ ಅಂತ..."

ಈರುಳ್ಳಿಯ ನೆಪ ಇತ್ತು, ಇಬ್ಬರೂ ಕಣ್ಣೊರೆಸಿಕೊಂಡೆವು. ದನಿಯ ಒಂದು ಎಳೆಯಲ್ಲೇ ಪರವೂರಿನವರ ದುಃಖ ಹಿಡಿಯುತ್ತಿದ್ದ ಕಿವಿ ನನ್ನದು. ಪಕ್ಕದಲ್ಲಿ ಮಲಗುವವರದ್ದು ಆರೇಳು ವರ್ಷ ಗೊತ್ತಾಗಲಿಲ್ಲ. ನನ್ನ ಕೆಲಸದ ಜೀವನದ ಅತಿ ದೊಡ್ಡ ತಪ್ಪು ಯಾವುದೆಂದು ಯಾರಾದರೂ ಕೇಳಿದರೆ, ಮೇಷ್ಟ್ರ ಪ್ರಸಂಗ ಹೇಳಿ ನಗಿಸುತ್ತೇನೆ. ಆದರೆ ನಿಜವಾದದ್ದು ಇದು.

ಮೈಸೂರಿಗೆ ಕರೆದುಕೊಂಡು ಹೋದೆ. ಕಿವಿ ಡಾಕ್ಟರು ಪರೀಕ್ಷೆ ಮಾಡಿ, ನರ ಸೋತಿದೆ, ಯಂತ್ರ ಹಾಕಿಕೊಂಡರೆ ಅನುಕೂಲ ಅಂದರು. ಕಿವಿಯ ಹಿಂದೆ ಕೂರುವ ಹುಣಸೆಬೀಜದಂಥ ಯಂತ್ರ. ಹಾಕಿಕೊಂಡು ಆಚೆ ಬಂದವರು ಬಸ್ ನಿಲ್ದಾಣದಲ್ಲೇ ಕಿತ್ತು ಜೇಬಿಗೆ ಹಾಕಿದರು. "ಎಲ್ಲಾ ಒಂದೇ ಸಲ ಕೂಗ್ತದೆ ಕಣೆ. ಕಾಗೆನೂ ಬಸ್ಸೂ ಒಂದೇ ಸಮಕ್ಕೆ. ತಲೆ ಕೆಟ್ಟೋಯ್ತದೆ." ಮನೆಯಲ್ಲಿ ಅದು ಸಾಸಿವೆ ಡಬ್ಬಿಯ ಹಿಂದೆ ಸೇರಿತು.

ಬಲವಂತ ಮಾಡಲಿಲ್ಲ. ಮೊದಲು ನನಗೆ ಬರುವ ಕೆಲಸ ಮಾಡಿದೆ. ಫೋನು ಗಂಟೆ ಹೊಡೆದಾಗ ಉರಿಯುವ ಸಣ್ಣ ಕೆಂಪು ದೀಪವೊಂದನ್ನು ಒಲೆಯ ಮೇಲುಗಡೆ ಗೋಡೆಗೆ ಕೂರಿಸಿದೆ. ಫೋನಿನೊಳಗೆ ದನಿ ಹಿಗ್ಗಿಸುವ ಒಂದು ಪುಟ್ಟ ಸರ್ಕ್ಯೂಟ್ ಕಟ್ಟಿ, ಪಕ್ಕಕ್ಕೆ ರೇಡಿಯೋದ ತಿರುಗಣೆ ಹಾಕಿದೆ. ಇಲಾಖೆಯ ನಿಯಮದಲ್ಲಿ ಇದು ಸರಿಯೋ ತಪ್ಪೋ ಎಂದು ಯಾರೂ ಈಗ ಕೇಳಬೇಡಿ. ನಾಲ್ಕು ಸಲ ಬಿಚ್ಚಿ ಕಟ್ಟಿದೆ. ಹೊಸ ಗುಲಾಬಿಯಲ್ಲೂ ಕ್ರೋಷಾದಲ್ಲೂ ಸಿಗದ ಸಂತೋಷ ಆ ಹದಿನೈದು ದಿನಗಳಲ್ಲಿ ನನಗೆ ಸಿಕ್ಕಿತು.

ಭಾನುವಾರ ಬೆಳಗ್ಗೆ ದೀಪ ಉರಿಯಿತು. ಅವರು ನನ್ನ ಮುಖ ನೋಡಿದರು. ನಾನು ಸುಮ್ಮನೆ ನಿಂತೆ. ಕೈ ಒರೆಸಿಕೊಂಡು ಹೋಗಿ ಎತ್ತಿದರು. "ಯಾರು?" ಅಂದರು. ಆಮೇಲೆ ತಿರುಗಣೆ ತಿರುಗಿಸಿದರು. ಆಮೇಲೆ ಗೋಡೆ ಹಿಡಿದುಕೊಂಡು ನೆಲದ ಮೇಲೆ ಕೂತರು. "ಊ ಮಗ. ನಾನೇ ಕಣವ್ವ. ಕೇಳ್ತದೆ. ಕೇಳ್ತದೆ ಮಗ, ಅಳ್ಬೇಡ... ಏನ್ ಸಾರು ಮಾಡ್ದೆ ಇವತ್ತು?" ಆ ದಿನ ಅಪ್ಪ ಮಗಳು ಒಂದು ಗಂಟೆ ಸಾರಿನ ವಿಷಯವೇ ಮಾತಾಡಿದರು. ಒಲೆಯ ಮೇಲಿದ್ದದ್ದನ್ನು ನನಗೆ ಬಿಟ್ಟಿದ್ದರು. ನಾನು ಅವರಿಬ್ಬರ ಮಾತು ಕೇಳುತ್ತ ನಿಂತು ಅದನ್ನು ಸೀಯಿಸಿದೆ.

ಕಿವಿ ಯಂತ್ರ ಮಾತ್ರ ನಿಧಾನವಾಗಿ ಒಗ್ಗಿತು. ದಿನಕ್ಕೆ ಹತ್ತು ನಿಮಿಷದಂತೆ ಶುರುಮಾಡಿದೆವು. ಅವರು ಸೊಪ್ಪು ಸೋಸುವಾಗ ನಾನು ಎದುರಿಗೆ ಕೂತು ಪೇಪರು ಓದುವುದು. ಹತ್ತು ನಿಮಿಷ ಇಪ್ಪತ್ತಾಯಿತು, ಇಪ್ಪತ್ತು ಒಂದು ಗಂಟೆಯಾಯಿತು. ಪೇಪರು ಮುಗಿದರೆ ಪಂಚಾಂಗ, ಪಂಚಾಂಗ ಮುಗಿದರೆ ಬೀಜದ ಪೊಟ್ಟಣದ ಹಿಂದೆ ಬರೆದದ್ದು. "ಅದೇನ್ ಆಪೀಸರ್ ತರ ಓದ್ತೀಯೆ, ನಮ್ ಮಾತಲ್ಲಿ ಓದು" ಎಂದು ರೇಗಿಸುವರು. ಹಾಗೆ ನನಗೂ ಕೊನೆಗೊಂದು ಹವ್ಯಾಸ ಹತ್ತಿತು. ಅಡುಗೆಮನೆಯಲ್ಲಿ ನನಗೆಂದು ಒಂದು ಮಣೆ, ಅದನ್ನು ಎಲ್ಲಿ ಹಾಕಬೇಕೆಂದು ತೋರಿಸಿದವರು ಅವರೇ. ಆ ಜಾಗ ಬಿಟ್ಟು ನಾನು ಆಚೆ ಈಚೆ ಸರಿಯುವುದಿಲ್ಲ, ಡಬ್ಬಿಗಳನ್ನು ಮುಟ್ಟುವುದಿಲ್ಲ.

ಹುಡುಗಿಯರೇ, ನಿಮ್ಮ ಕಾಲಕ್ಕೆ ಬೋರ್ಡೂ ಇರುವುದಿಲ್ಲ, ಬಹುಶಃ ನಾನು ಬೆಸುಗೆ ಹಾಕಿದ ತಂತಿಗಳೂ ಇರುವುದಿಲ್ಲ. ಕೆಲಸವನ್ನು ಚೆನ್ನಾಗಿ ಮಾಡಿ. ಆದರೆ ಸಂಜೆ ಮನೆಗೆ ಬಂದು "ಕಿವಿ ಸೋತಿದೆ, ನಾಳೆ ಹೇಳಿ" ಅನ್ನಬೇಡಿ. ನಾನು ಅಂದಿದ್ದೆ. ಅವರು ನಾಳೆಗೆ ಕಾದರು, ಆಮೇಲೆ ಹೇಳುವುದನ್ನೇ ಬಿಟ್ಟರು.

ಅವರೆ ಕಾಯಿ ಕೀಳುವ ಕಾಲ. ಒಂದು ಸಂಜೆ ಇಬ್ಬರೂ ಹೊಲದಿಂದ ಬರುತ್ತಿದ್ದೆವು. ಬದು ಕಿರಿದು, ಅವರು ಕಿವಿಗೆ ಯಂತ್ರ ಹಾಕಿಕೊಂಡೇ ಕುಕ್ಕೆ ಹೊತ್ತು ಮುಂದೆ, ನಾನು ಹಿಂದೆ. ಅವರದು ಯಾವಾಗಲೂ ಬಿರುಸು ನಡಿಗೆ. ಮದುವೆಯಾದಾಗಿನಿಂದ ನಾನು ಹೀಗೆಯೇ ಹಿಂದೆ ಓಡುತ್ತ ಬಂದವಳು. ಆವತ್ತು ಕಾಲು ಬಹಳ ನೋಯುತ್ತಿತ್ತು. ಅವರನ್ನು ಕರೆಯಲಿಲ್ಲ, ಕೇಳಲಿ ಎಂದೂ ಅಲ್ಲ, ನನ್ನಷ್ಟಕ್ಕೆ ನಾನು ಉಸಿರಿನಲ್ಲೇ ಗೊಣಗಿಕೊಂಡೆ: "ಈ ವಯಸ್ಸಲ್ಲೂ ಏನ್ ಓಟ ಇವರದು, ಹಿಂದೆ ಒಬ್ಬಳಿದ್ದಾಳೆ ಅಂತ ಇಲ್ಲ."

ಅವರು ತಿರುಗಿ ನೋಡಲಿಲ್ಲ. ಕುಕ್ಕೆಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿಕೊಂಡು, ನಡಿಗೆ ನಿಧಾನ ಮಾಡಿದರು.